ಅರಿವಳಿಕೆಯಿಂದ ಕ್ಯಾನ್ಸರ್ ಮರುಕಳಿಸುತ್ತದೆಯೇ?

ಕಳೆದ ಮಳೆಗಾಲದಲ್ಲಿ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಮಗನ ಜೊತೆ ನನ್ನ ಕ್ಲಿನಿಕ್‌ಗೆ ಬಂದರು. ಎಡ ಸ್ತನದಲ್ಲಿ ಗಡ್ಡೆಯಾಗಿತ್ತು. ಬಯಾಪ್ಸಿ ಮಾಡಿಸಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಗಡ್ಡೆ ಇನ್ನೂ ಚಿಕ್ಕದಿದ್ದುದರಿಂದ ಆಸ್ಪತ್ರೆಯವರು ಮೊದಲು ಆಪರೇಷನ್ ಎಂದು ತೀರ್ಮಾನಿಸಿ ದಿನವನ್ನೂ ಕೊಟ್ಟಿದ್ದರು. ಆದರೆ ಆ ದಿನ ಕಳೆದು ಮೂರು ವಾರವಾಗಿತ್ತು. ಯಾಕೆ ಹೋಗಲಿಲ್ಲ ಎಂದು ಕೇಳಿದೆ.

ಮಗ ಮೊಬೈಲ್ ತೆಗೆದು ಒಂದು ವಾಟ್ಸ್‌ಆ್ಯಪ್ ಸಂದೇಶ ತೋರಿಸಿದ. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಕೊಟ್ಟರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ, ಹೊರದೇಶದ ವೈದ್ಯರೇ ಇದನ್ನು ಕಂಡುಹಿಡಿದಿದ್ದಾರೆ ಎಂದು ಅದರಲ್ಲಿ ಬರೆದಿತ್ತು. "ಡಾಕ್ಟ್ರೇ, ಅಮ್ಮಿಗೆ ಪ್ರಜ್ಞೆ ತಪ್ಪಿಸದೆ ಆಪರೇಷನ್ ಮಾಡೋ ಆಸ್ಪತ್ರೆ ಇದ್ರೆ ಹೇಳಿ. ಇಲ್ಲಾಂದ್ರೆ ನಿಮ್ಮ ಔಷಧಿನೇ ಕೊಡಿ, ನೋಡೋಣ" ಎಂದ.

ಆ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. ಆದರೆ ಅದರಲ್ಲಿ ಅರ್ಧ ಸತ್ಯವಿತ್ತು. ಅರಿವಳಿಕೆಗೂ ಕ್ಯಾನ್ಸರ್ ಮರುಕಳಿಸುವುದಕ್ಕೂ ಸಂಬಂಧ ಇದೆಯೇ ಎಂಬ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳ ವೈದ್ಯರು ಸುಮಾರು ಇಪ್ಪತ್ತು ವರ್ಷಗಳಿಂದ ಗಂಭೀರವಾಗಿ ಕೇಳುತ್ತಾ ಬಂದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಏನು ಎಂಬುದು ಆ ಸಂದೇಶದಲ್ಲಿ ಇರಲಿಲ್ಲ. ಅಂದು ಆ ತಾಯಿ ಮಗನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅರಿವಳಿಕೆಯ ವಿಧಗಳು

ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಅರಿವಳಿಕೆಯನ್ನು ಮೂರು ಬಗೆಯಾಗಿ ತಿಳಿಯಬಹುದು. ಮೊದಲನೆಯದು ಜನರಲ್ ಅರಿವಳಿಕೆ. ಇದರಲ್ಲಿ ರೋಗಿಗೆ ಪೂರ್ತಿ ಪ್ರಜ್ಞೆ ಇರುವುದಿಲ್ಲ. ಇದನ್ನು ಎರಡು ದಾರಿಯಲ್ಲಿ ಕೊಡುತ್ತಾರೆ. ಸೆವೊಫ್ಲುರೇನ್‌ನಂಥ ಅನಿಲವನ್ನು ಉಸಿರಿನ ಮೂಲಕ ಕೊಡುವುದು ಒಂದು. ಪ್ರೊಪೊಫಾಲ್ ಎಂಬ ಹಾಲಿನಂತೆ ಬೆಳ್ಳಗಿನ ಔಷಧಿಯನ್ನು ರಕ್ತನಾಳಕ್ಕೆ ಹರಿಸುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಬೆನ್ನುಹುರಿಯ ಹತ್ತಿರ ಅಥವಾ ನರಗಳ ಬುಡದಲ್ಲಿ ಇಂಜೆಕ್ಷನ್ ಕೊಟ್ಟು ದೇಹದ ಒಂದು ಭಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೇ ಜಾತಿಯದು. ಮೂರನೆಯದು ಲಿಡೋಕೇಯ್ನ್‌ನಂಥ ಔಷಧಿಯನ್ನು ಕೊಯ್ಯುವ ಜಾಗಕ್ಕಷ್ಟೇ ಕೊಡುವುದು. ಹಲ್ಲು ಕೀಳುವಾಗ ಒಸಡಿಗೆ ಕೊಡುವುದು ಇದನ್ನೇ.

ದೊಡ್ಡ ಆಪರೇಷನ್‌ಗಳಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಸೇರಿಸಿ ಬಳಸುವುದೂ ಉಂಟು. ಜೊತೆಗೆ ನೋವು ತಡೆಯಲು ಮಾರ್ಫಿನ್ ಜಾತಿಯ ಔಷಧಿಗಳನ್ನು ಕೊಡುತ್ತಾರೆ.

ಯುನಾನಿಯ ಹಿರಿಯರಿಗೂ ಈ ಎರಡು ವಿಷಯ ಹೊಸತಲ್ಲ. ನಮ್ಮ ಗ್ರಂಥಗಳು ಕ್ಯಾನ್ಸರನ್ನು 'ಸರತಾನ್' ಎಂದು ಕರೆಯುತ್ತವೆ. ಅಂದರೆ ಏಡಿ. ಮರಗಟ್ಟಿಸುವ ಔಷಧಿಗಳಿಗೆ 'ಮುಖದ್ದಿರ್' ಎಂದು ಹೆಸರು. ಅಫೀಮು ಅವುಗಳಲ್ಲಿ ಒಂದು. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೊಬಾದಲ್ಲಿದ್ದ ಶಸ್ತ್ರವೈದ್ಯ ಅಲ್ ಝಹ್ರಾವಿ, ಸ್ತನದಂಥ ಜಾಗದಲ್ಲಿ ಸರತಾನ್ ಚಿಕ್ಕದಿರುವಾಗಲೇ ಪೂರ್ತಿಯಾಗಿ ಕೊಯ್ದು ತೆಗೆಯಬೇಕೆಂದು ಬರೆದರು. ಹಳತಾಗಿ ದೊಡ್ಡದಾದದ್ದನ್ನು ಗುಣಪಡಿಸಲು ತನ್ನಿಂದ ಆಗಲಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದರು. ಬೇಗ ತೆಗೆಯಬೇಕು ಎಂಬ ಮಾತು ಇಂದಿಗೂ ಹಾಗೆಯೇ ನಿಂತಿದೆ.

ಸಂಶಯ ಎಲ್ಲಿಂದ ಬಂತು?

ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೂ ಕೆಲವರಿಗೆ ವರ್ಷಗಳ ನಂತರ ಕ್ಯಾನ್ಸರ್ ಮರಳಿ ಬರುವುದೇಕೆ? ಕಣ್ಣಿಗೆ, ಸ್ಕ್ಯಾನ್‌ಗೆ ಕಾಣದ ಕೆಲವು ಕೋಶಗಳು ಆಗಲೇ ರಕ್ತದಲ್ಲೋ ಬೇರೆ ಅಂಗದಲ್ಲೋ ಸೇರಿಕೊಂಡಿರಬಹುದು. ಆಪರೇಷನ್ ಹೊತ್ತಿನಲ್ಲಿ ಗಡ್ಡೆಯನ್ನು ಮುಟ್ಟಿ ಅಲುಗಿಸುವಾಗಲೂ ಕೆಲವು ಕೋಶಗಳು ರಕ್ತಕ್ಕೆ ಸೇರಬಹುದು. ಇಂಥ ಅಲೆಮಾರಿ ಕೋಶಗಳನ್ನು ಹುಡುಕಿ ಕೊಲ್ಲಲು ನಮ್ಮ ದೇಹದಲ್ಲಿ ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣಗಳಿವೆ.

ಆದರೆ ದೊಡ್ಡ ಆಪರೇಷನ್ ದೇಹದ ಪಾಲಿಗೆ ದೊಡ್ಡ ಗಾಯವೇ. ಗಾಯದ ಒತ್ತಡಕ್ಕೆ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ. ಆಗ ಈ ಕಾವಲು ಕಣಗಳ ಬಲ ಕೆಲವು ದಿನ ಕುಗ್ಗುತ್ತದೆ. ಕಳ್ಳ ಹೊರಬೀಳುವ ಹೊತ್ತಿಗೇ ಕಾವಲುಗಾರನಿಗೆ ಜ್ವರ ಬಂದಂತೆ.

ಇಲ್ಲಿ ವೈದ್ಯರಿಗೆ ಒಂದು ಪ್ರಶ್ನೆ ಎದ್ದಿತು. ಅನಿಲದ ಅರಿವಳಿಕೆ ಮತ್ತು ಮಾರ್ಫಿನ್ ಈ ಬಲವನ್ನು ಇನ್ನಷ್ಟು ಕುಗ್ಗಿಸುತ್ತವೆಯೇ? ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಮತ್ತು ಇಲಿಗಳಲ್ಲಿ ಪರೀಕ್ಷಿಸಿದಾಗ ಅನೇಕ ಕಡೆ ಹೌದು ಎಂಬ ಸೂಚನೆ ಸಿಕ್ಕಿತು. ಪ್ರೊಪೊಫಾಲ್‌ನಿಂದ ಅಷ್ಟು ತೊಂದರೆ ಇಲ್ಲವೆಂದೂ, ಲಿಡೋಕೇಯ್ನ್ ಕ್ಯಾನ್ಸರ್ ಕೋಶಗಳ ಚಲನೆಯನ್ನೇ ತಡೆಯುತ್ತದೆಂದೂ ಕಂಡಿತು.

2006ರಲ್ಲಿ ಒಂದು ವರದಿ ಎಲ್ಲರ ಗಮನ ಸೆಳೆಯಿತು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆದ 129 ಮಹಿಳೆಯರ ಹಳೆಯ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದರು. ಬೆನ್ನುಮೂಳೆಯ ಪಕ್ಕದ ನರಗಳಿಗೆ ಇಂಜೆಕ್ಷನ್ ಪಡೆದವರಲ್ಲಿ ಮೂರು ವರ್ಷಗಳ ನಂತರ ಶೇ. 94 ಮಂದಿಗೆ ರೋಗ ಮರಳಿರಲಿಲ್ಲ. ಜನರಲ್ ಅರಿವಳಿಕೆಯ ಜೊತೆ ಮಾರ್ಫಿನ್ ಪಡೆದವರಲ್ಲಿ ಅದು ಶೇ. 77 ಇತ್ತು. 2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಸಾವಿರಾರು ಕ್ಯಾನ್ಸರ್ ರೋಗಿಗಳ ದಾಖಲೆಗಳಲ್ಲೂ ಅನಿಲ ಪಡೆದವರಿಗಿಂತ ರಕ್ತನಾಳದ ಅರಿವಳಿಕೆ ಪಡೆದವರು ಹೆಚ್ಚು ಮಂದಿ ಬದುಕಿದ್ದು ಕಂಡುಬಂತು. ಆ ಹುಡುಗನ ಮೊಬೈಲ್‌ಗೆ ಬಂದ ಸಂದೇಶದ ಬೇರು ಇಂಥ ವರದಿಗಳಲ್ಲೇ ಇದೆ.

ಹಳೆಯ ದಾಖಲೆ ಏಕೆ ಸಾಲದು?

ಊರಿನಲ್ಲಿ ಎರಡು ಶಾಲೆಗಳಿವೆ ಎಂದುಕೊಳ್ಳಿ. ಒಂದರ ಫಲಿತಾಂಶ ತುಂಬಾ ಚೆನ್ನಾಗಿದೆ. ಹಾಗೆಂದು ಅಲ್ಲಿನ ಮೇಷ್ಟ್ರು ಹೆಚ್ಚು ಜಾಣರು ಎನ್ನಬಹುದೇ? ಆ ಶಾಲೆಗೆ ಮೊದಲೇ ಚುರುಕಾದ ಮಕ್ಕಳನ್ನು ಆರಿಸಿ ಸೇರಿಸಿಕೊಂಡಿರಬಹುದಲ್ಲವೇ?

ಹಳೆಯ ದಾಖಲೆಗಳ ಕಥೆಯೂ ಇದೇ. ಯಾರಿಗೆ ಯಾವ ಅರಿವಳಿಕೆ ಎಂಬುದನ್ನು ವೈದ್ಯರು ರೋಗಿಯನ್ನು ನೋಡಿ ನಿರ್ಧರಿಸಿರುತ್ತಾರೆ. ರೋಗ ಬಲಿತವರು, ಹೃದಯ ದುರ್ಬಲವಾದವರು, ಆಪರೇಷನ್ ದೊಡ್ಡದಾಗಿದ್ದವರು ಒಂದು ಗುಂಪಿನಲ್ಲಿ ಹೆಚ್ಚಾಗಿ ಸೇರಿರಬಹುದು. ಆಮೇಲೆ ಕಾಣುವ ವ್ಯತ್ಯಾಸ ಅರಿವಳಿಕೆಯದೋ, ರೋಗದ್ದೋ ಹೇಳುವುದು ಕಷ್ಟ.

ಇದಕ್ಕೆ ಪರಿಹಾರ ಚೀಟಿ ಎತ್ತುವುದು. ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಅರಿವಳಿಕೆ, ಇನ್ನೊಂದಕ್ಕೆ ಇನ್ನೊಂದು ಕೊಟ್ಟು, ವರ್ಷಗಟ್ಟಲೆ ಕಾದು ನೋಡುವುದು. ಹೀಗೆ ಮಾಡಿದಾಗ ಎರಡೂ ಗುಂಪಿನಲ್ಲಿ ರೋಗ, ವಯಸ್ಸು, ಶಕ್ತಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. 2006ರ ವರದಿ ಬರೆದವರಲ್ಲಿ ಕೆಲವರು ತಮ್ಮ ಮಾತನ್ನೇ ಕೊನೆಯದೆಂದು ಹಟ ಹಿಡಿಯದೆ ಇಂಥ ಪರೀಕ್ಷೆಗೆ ಕೈಹಾಕಿದರು.

ಚೀಟಿ ಎತ್ತಿದ ಮೇಲೆ ಕಂಡದ್ದು

ಆ ಅಧ್ಯಯನ 2007ರಲ್ಲಿ ಶುರುವಾಗಿ ಸುಮಾರು ಹನ್ನೊಂದು ವರ್ಷ ನಡೆಯಿತು. ಎಂಟು ದೇಶಗಳ 13 ಆಸ್ಪತ್ರೆಗಳು ಪಾಲ್ಗೊಂಡವು. ಸ್ತನ ಕ್ಯಾನ್ಸರ್ ಆಪರೇಷನ್ ಆದ 2,108 ಮಹಿಳೆಯರ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆನ್ನಿನ ಪಕ್ಕದ ಇಂಜೆಕ್ಷನ್ ಮತ್ತು ಪ್ರೊಪೊಫಾಲ್ ಪಡೆದ 1,043 ಮಂದಿಯಲ್ಲಿ 102 ಜನರಿಗೆ ರೋಗ ಮರುಕಳಿಸಿತ್ತು. ಸೆವೊಫ್ಲುರೇನ್ ಮತ್ತು ಮಾರ್ಫಿನ್ ಜಾತಿಯ ಔಷಧಿ ಪಡೆದ 1,065 ಮಂದಿಯಲ್ಲಿ 111 ಜನರಿಗೆ. ಎರಡೂ ಕಡೆ ನೂರಕ್ಕೆ ಸುಮಾರು ಹತ್ತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

2023ರಲ್ಲಿ ಸ್ವೀಡನ್ನಿನ ವೈದ್ಯರ ನೇತೃತ್ವದಲ್ಲಿ ಮತ್ತೊಂದು ಪರೀಕ್ಷೆಯ ಫಲಿತಾಂಶ ಬಂತು. ಸ್ತನ ಕ್ಯಾನ್ಸರಿನ 1,700ಕ್ಕೂ ಹೆಚ್ಚು ಮಹಿಳೆಯರಲ್ಲಿ ಕೆಲವರಿಗೆ ಪ್ರೊಪೊಫಾಲ್, ಕೆಲವರಿಗೆ ಸೆವೊಫ್ಲುರೇನ್ ಕೊಟ್ಟಿದ್ದರು. ಐದು ವರ್ಷಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 92 ಮಂದಿ ಬದುಕಿದ್ದರು. ಚೀನಾದಲ್ಲಿ ಎದೆ ಮತ್ತು ಹೊಟ್ಟೆಯ ದೊಡ್ಡ ಆಪರೇಷನ್ ಆದ ಹಿರಿಯ ವಯಸ್ಸಿನವರನ್ನೂ ಹೀಗೆಯೇ ಪರೀಕ್ಷಿಸಿದರು. ಜನರಲ್ ಅರಿವಳಿಕೆಯ ಜೊತೆ ಬೆನ್ನಿನ ಇಂಜೆಕ್ಷನ್ ಸೇರಿಸಿದ್ದರಿಂದ ಅವರ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಇಂದಿನ ತಿಳಿವಳಿಕೆ ಇಷ್ಟು: ಜನರಲ್ ಅರಿವಳಿಕೆ ಕೊಟ್ಟರೆ ಕ್ಯಾನ್ಸರ್ ಹರಡುತ್ತದೆ ಎಂಬುದು ರುಜುವಾಗಿಲ್ಲ. ಅನಿಲವೋ ಇಂಜೆಕ್ಷನ್ನೋ ಎಂಬ ಆಯ್ಕೆಯನ್ನು ರೋಗ ಮರುಕಳಿಸುವ ಭಯದಿಂದ ಮಾಡಬೇಕಾದ ಕಾರಣವಿಲ್ಲ.

ನಮ್ಮ ದೇಶದ ಒಂದು ಅಧ್ಯಯನ

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಕೇಂದ್ರದ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ರೋಗಿಗೆ ಎಂದಿನಂತೆ ಜನರಲ್ ಅರಿವಳಿಕೆ ಕೊಟ್ಟ ಮೇಲೆ, ಗಡ್ಡೆ ತೆಗೆಯುವುದಕ್ಕೆ 7ರಿಂದ 10 ನಿಮಿಷ ಮೊದಲು, ಗಡ್ಡೆಯ ಸುತ್ತ ಎಲ್ಲ ಕಡೆಯಿಂದ ಶೇ. 0.5ರ ಲಿಡೋಕೇಯ್ನ್ ಚುಚ್ಚಿದರು. ನೋವು ಕಡಿಮೆ ಮಾಡುವುದು ಇಲ್ಲಿ ಉದ್ದೇಶವಾಗಿರಲಿಲ್ಲ. ಗಡ್ಡೆಯನ್ನು ಮುಟ್ಟುವ ಮೊದಲೇ ಅದರ ಅಂಚಿನ ಕೋಶಗಳನ್ನು ಮರಗಟ್ಟಿಸಿ, ಅವು ಕದಲದಂತೆ ಮಾಡಬಹುದೇ ಎಂದು ನೋಡಬೇಕಿತ್ತು.

ದೇಶದ 11 ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರ ಮೇಲೆ ಈ ಪರೀಕ್ಷೆ ನಡೆಯಿತು. ಎಲ್ಲರಿಗೂ ಆರಂಭದ ಹಂತದ ಸ್ತನ ಕ್ಯಾನ್ಸರ್. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲಿಡೋಕೇಯ್ನ್ ಪಡೆದವರಲ್ಲಿ ಐದು ವರ್ಷಗಳ ನಂತರ ರೋಗವಿಲ್ಲದೆ ಇದ್ದವರು ಶೇ. 86.6. ಪಡೆಯದವರಲ್ಲಿ ಶೇ. 82.6. ಬದುಕಿದ್ದವರು ಕ್ರಮವಾಗಿ ಶೇ. 90.1 ಮತ್ತು ಶೇ. 86.4. ಅಂದರೆ ನೂರು ಮಹಿಳೆಯರಲ್ಲಿ ಮೂರು ನಾಲ್ಕು ಮಂದಿಗೆ ಹೆಚ್ಚಿನ ಲಾಭ. ಲಿಡೋಕೇಯ್ನ್ ದುಬಾರಿ ಔಷಧಿಯಲ್ಲ, ಸಣ್ಣ ಆಸ್ಪತ್ರೆಯಲ್ಲೂ ಸಿಗುವಂಥದ್ದು. ಆದ್ದರಿಂದಲೇ ಈ ಸುದ್ದಿ ಮುಖ್ಯ.

ಆದರೂ ಇಲ್ಲಿ ಎರಡು ಮಾತು ನೆನಪಿಡಬೇಕು. ಈ ಲಾಭ ಕಂಡದ್ದು ಮೊದಲಿಗೇ ಆಪರೇಷನ್ ಮಾಡಬಹುದಾದ ಸ್ತನ ಕ್ಯಾನ್ಸರಿನಲ್ಲಿ. ಬೇರೆ ಅಂಗಗಳ ಕ್ಯಾನ್ಸರಿಗೆ, ಮೊದಲು ಕಿಮೋಥೆರಪಿ ಬೇಕಾಗುವಷ್ಟು ಬಲಿತ ಗಡ್ಡೆಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಇನ್ನೊಂದು, ಎರಡನೆಯ ಗುಂಪಿಗೆ ಬರಿಯ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಹೋಲಿಸಿರಲಿಲ್ಲ. ಯಾರಿಗೆ ಔಷಧಿ ಹೋಗಿದೆ ಎಂಬುದು ಶಸ್ತ್ರವೈದ್ಯರಿಗೆ ಗೊತ್ತಿತ್ತು. ಹಾಗಾಗಿ ಇಂಥದೇ ಇನ್ನೊಂದು ಪರೀಕ್ಷೆ ಇದನ್ನು ದೃಢಪಡಿಸಬೇಕು ಎನ್ನುವ ತಜ್ಞರಿದ್ದಾರೆ.

ಆ ಮಹಿಳೆಯರೆಲ್ಲ ಜನರಲ್ ಅರಿವಳಿಕೆಯಲ್ಲೇ ಆಪರೇಷನ್ ಮಾಡಿಸಿಕೊಂಡವರು ಎಂಬುದನ್ನು ಗಮನಿಸಿ. ಲಿಡೋಕೇಯ್ನ್ ಅದಕ್ಕೆ ಸೇರಿಸಿದ್ದು, ಅದರ ಬದಲಿಗೆ ಕೊಟ್ಟದ್ದಲ್ಲ.

ನಿಜವಾದ ಅಪಾಯ ಎಲ್ಲಿದೆ?

ಕ್ಯಾನ್ಸರ್ ಮರಳಿ ಬರುವುದು ಬಾರದಿರುವುದು ಹೆಚ್ಚಾಗಿ ಈ ಸಂಗತಿಗಳ ಮೇಲೆ ನಿಂತಿದೆ: ಪತ್ತೆಯಾದಾಗ ರೋಗ ಯಾವ ಹಂತದಲ್ಲಿತ್ತು, ಕಂಕುಳಿನ ಗ್ರಂಥಿಗಳಿಗೆ ಹರಡಿತ್ತೇ, ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಪೂರ್ತಿ ತೆಗೆದರೇ, ಗಡ್ಡೆಯ ಸ್ವಭಾವ ಎಂಥದ್ದು, ಆಮೇಲಿನ ಕಿಮೋಥೆರಪಿ, ವಿಕಿರಣ ಚಿಕಿತ್ಸೆ, ವರ್ಷಗಟ್ಟಲೆ ನುಂಗಬೇಕಾದ ಹಾರ್ಮೋನ್ ಮಾತ್ರೆಗಳನ್ನು ರೋಗಿ ಪೂರ್ತಿ ಮಾಡಿದರೇ.

ಇವುಗಳ ಜೊತೆ ಇನ್ನೊಂದಿದೆ, ವಿಳಂಬ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಹಲವು ಬಗೆಯ ಕ್ಯಾನ್ಸರ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಇದ್ದುದಕ್ಕಿಂತ ಶೇ. 6ರಿಂದ 8ರಷ್ಟು ಏರುತ್ತದೆ ಎಂದು ಅದು ಹೇಳುತ್ತದೆ. ಮತ್ತೆ ನಾಲ್ಕು ವಾರ ತಡವಾದರೆ ಇನ್ನಷ್ಟು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರಿವಳಿಕೆಯಿಂದ ಅಪಾಯ ಎಂಬುದು ಸಾವಿರಾರು ಮಹಿಳೆಯರನ್ನು ಪರೀಕ್ಷಿಸಿದರೂ ಕಾಣಲಿಲ್ಲ. ತಡಮಾಡುವುದರಿಂದ ಅಪಾಯ ಸ್ಪಷ್ಟವಾಗಿ ಕಂಡಿದೆ. ಕಾಣದ ಅಪಾಯಕ್ಕೆ ಹೆದರಿ ಕಂಡ ಅಪಾಯಕ್ಕೆ ಬಾಗಿಲು ತೆರೆಯುವುದು ಬುದ್ಧಿವಂತಿಕೆಯಲ್ಲ.

ಅರಿವಳಿಕೆ ತಜ್ಞರ ಬಳಿ ಏನು ಮಾತಾಡಬೇಕು?

ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರು ರೋಗಿಯನ್ನು ನೋಡುತ್ತಾರೆ. ನಮ್ಮಲ್ಲಿ ಅನೇಕರು ಆ ಭೇಟಿಯನ್ನು ಒಂದು ಸಹಿ ಹಾಕುವ ಕೆಲಸ ಎಂದುಕೊಳ್ಳುತ್ತಾರೆ. ಹೆಂಗಸರ ಪರವಾಗಿ ಗಂಡನೋ ಮಗನೋ ಮಾತಾಡಿ ಮುಗಿಸುವುದೂ ಇದೆ. ಹಾಗೆ ಮಾಡಬೇಡಿ. ರೋಗಿಯೇ ಮಾತಾಡಲಿ. ಪುರುಷ ವೈದ್ಯರೊಡನೆ ಮಾತಾಡಲು ಸಂಕೋಚವಾದರೆ, ವೈದ್ಯೆ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬಹುದು.

ಈ ವಿಷಯಗಳನ್ನು ತಪ್ಪದೆ ಹೇಳಿ. ಹಿಂದೆ ಅರಿವಳಿಕೆ ಪಡೆದಾಗ ತೊಂದರೆಯಾಗಿತ್ತೇ, ಮನೆಯವರಲ್ಲಿ ಯಾರಿಗಾದರೂ ಆಗಿತ್ತೇ, ಯಾವ ಔಷಧಿ ಒಗ್ಗುವುದಿಲ್ಲ, ಸಕ್ಕರೆ ಕಾಯಿಲೆ, ಬಿ.ಪಿ., ಉಬ್ಬಸ ಇದೆಯೇ, ಬೀಡಿ, ಸಿಗರೇಟು, ಗುಟ್ಕಾ, ಜರ್ದಾ ಅಭ್ಯಾಸ ಇದೆಯೇ, ಹಲ್ಲು ಸಡಿಲವಾಗಿದೆಯೇ, ಕಟ್ಟಿಸಿದ ಹಲ್ಲು ಇದೆಯೇ. ಪ್ರಯಾಣದಲ್ಲಿ ವಾಂತಿ ಬರುವ ಸ್ವಭಾವ ಇದ್ದರೆ ಅದನ್ನೂ ಹೇಳಿ. ಅಂಥವರಿಗೆ ಪ್ರೊಪೊಫಾಲ್ ದಾರಿಯಲ್ಲಿ ಆಪರೇಷನ್ ನಂತರದ ವಾಂತಿ ಕಡಿಮೆ. ಅರಿವಳಿಕೆಯ ಆಯ್ಕೆಗೆ ಇಂಥವೇ ಸರಿಯಾದ ಕಾರಣಗಳು.

ನಾನು ಯುನಾನಿ ವೈದ್ಯನಾಗಿ ಒತ್ತಿ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿಗೆ ಬರುವವರು ಆ ವಿಷಯವನ್ನು ದೊಡ್ಡಾಸ್ಪತ್ರೆಯಲ್ಲಿ ಮುಚ್ಚಿಡುತ್ತಾರೆ. ಬೈಯುತ್ತಾರೆಂಬ ಹೆದರಿಕೆ. ಆದರೆ 'ಬರ್‌ಶಾಶಾ' ಎಂಬ ನಮ್ಮ ಮಾಜೂನಿನಲ್ಲಿ ಅಫೀಮಿನ ಅಂಶವಿದೆ. ಅದರ ಮೇಲೆ ಅರಿವಳಿಕೆ ಬಿದ್ದರೆ ಉಸಿರಾಟ ನಿಧಾನವಾಗಬಹುದು. ಜ್ಯೇಷ್ಠಮಧುವನ್ನು, ಅಂದರೆ ನಮ್ಮ ಅಸ್ಲುಸ್ಸೂಸನ್ನು, ಬಹಳ ದಿನ ಸೇವಿಸಿದರೆ ಬಿ.ಪಿ. ಏರಿ ರಕ್ತದ ಪೊಟ್ಯಾಶಿಯಂ ಇಳಿಯಬಹುದು. ಬೆಳ್ಳುಳ್ಳಿಯನ್ನು ಔಷಧಿಯ ಪ್ರಮಾಣದಲ್ಲಿ ತಿಂದರೆ ರಕ್ತಸ್ರಾವ ಹೆಚ್ಚಬಹುದು. ಮಾಜೂನ್, ಅರ್ಕ್, ಕುಶ್ತಾ, ಚೂರ್ಣ, ನಾಟಿ ಮದ್ದು ಏನೇ ಇರಲಿ, ಡಬ್ಬಿಯ ಸಮೇತ ತೋರಿಸಿ. ಗಿಡಮೂಲಿಕೆ ಔಷಧಿಗಳನ್ನು ಆಪರೇಷನ್‌ಗೆ ಎರಡು ವಾರ ಮೊದಲು ನಿಲ್ಲಿಸುವುದು ಸಾಮಾನ್ಯವಾಗಿ ಒಪ್ಪಿದ ಕ್ರಮ. ಅಷ್ಟು ಸಮಯ ಇಲ್ಲದಿದ್ದರೆ ಅದಕ್ಕಾಗಿ ಆಪರೇಷನ್ ಮುಂದೂಡಬೇಡಿ. ತಜ್ಞರಿಗೆ ತಿಳಿಸಿ, ಅವರು ನಿರ್ಧರಿಸುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಆಪರೇಷನ್ ದಿನ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿಗೆ ಕನಿಷ್ಠ ಆರು ಗಂಟೆ, ಬರಿಯ ನೀರಿಗೆ ಎರಡು ಗಂಟೆ ಸಾಮಾನ್ಯ ನಿಯಮ. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಬೆರಳ ತುದಿಗೆ ಗಾಢ ಮೆಹಂದಿ ಹಚ್ಚಿಕೊಳ್ಳಬೇಡಿ. ಆಮ್ಲಜನಕ ಅಳೆಯುವ ಕ್ಲಿಪ್‌ಗೆ ಅಡ್ಡಿಯಾಗಬಹುದು.

ಇನ್ನು ಎರಡು ಪ್ರಶ್ನೆಗಳನ್ನು ನೀವೇ ಕೇಳಬಹುದು. ಆರಂಭದ ಸ್ತನ ಕ್ಯಾನ್ಸರ್ ಇದ್ದು ಮೊದಲೇ ಆಪರೇಷನ್ ಆಗುವುದಿದ್ದರೆ, ಗಡ್ಡೆಯ ಸುತ್ತ ಲಿಡೋಕೇಯ್ನ್ ಕೊಡುವ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಶಸ್ತ್ರವೈದ್ಯರನ್ನು ಕೇಳಿ. ಆಪರೇಷನ್ ನಂತರದ ನೋವಿಗೆ ನರದ ಇಂಜೆಕ್ಷನ್ ಸೌಲಭ್ಯ ಇದೆಯೇ ಎಂದು ಅರಿವಳಿಕೆ ತಜ್ಞರನ್ನು ಕೇಳಿ. ಮೊದಲ ದಿನಗಳ ನೋವು ಅದರಿಂದ ಚೆನ್ನಾಗಿ ತಗ್ಗುತ್ತದೆ. ಇಲ್ಲ ಎಂದರೆ ಆಸ್ಪತ್ರೆ ಬದಲಿಸಿ ದಿನ ಕಳೆಯುವ ಅಗತ್ಯವಿಲ್ಲ. ಮಾರ್ಫಿನ್ ಕೊಡುತ್ತಾರೆಂದು ಹೆದರಿ ನೋವು ನುಂಗಿಕೊಂಡು ಮಲಗಬೇಡಿ. ತಡೆಯಲಾರದ ನೋವೂ ದೇಹಕ್ಕೆ ಒತ್ತಡವೇ.

ಆ ತಾಯಿ ಏನಾದರು?

ಅಂದು ನಾನು ಔಷಧಿ ಕೊಡಲಿಲ್ಲ. ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟೆ. ಕಳೆದುಹೋದ ದಿನದ ಬದಲು ಹೊಸ ದಿನ ಸಿಗಲು ಇನ್ನೂ ಎರಡು ವಾರ ಹಿಡಿಯಿತು. ಜನರಲ್ ಅರಿವಳಿಕೆಯಲ್ಲೇ ಆಪರೇಷನ್ ಆಯಿತು. ಮೂರನೆಯ ದಿನ ಮನೆಗೆ ಬಂದರು. ಆದರೆ ತೆಗೆದ ಗಡ್ಡೆಯ ವರದಿಯಲ್ಲಿ ಕಂಕುಳಿನ ಒಂದು ಗ್ರಂಥಿಗೆ ರೋಗ ತಾಗಿತ್ತು. ಹಾಗಾಗಿ ಕಿಮೋಥೆರಪಿಯೂ ಬೇಕಾಯಿತು.

"ಡಾಕ್ಟ್ರೇ, ಆ ಐದು ವಾರದಲ್ಲಿ ಅದು ಅಲ್ಲಿಗೆ ಹೋಯಿತಾ?" ಎಂದು ಮಗ ಕೇಳಿದ. ಮೊದಲೇ ಹೋಗಿದ್ದಿರಬಹುದು, ಯಾರೂ ಹೇಳಲಾರರು ಎಂದೆ. ಅದು ನಿಜವಾದ ಉತ್ತರ. ಆದರೆ ಆ ಪ್ರಶ್ನೆ ಅವನನ್ನು ಬಹಳ ದಿನ ಬಿಡಲಾರದು.

ಆಕೆ ಈಗ ಕಿಮೋಥೆರಪಿ, ವಿಕಿರಣ ಚಿಕಿತ್ಸೆ ಮುಗಿಸಿ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಾರೆ. ತಪಾಸಣೆಗೆ ತಪ್ಪದೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಆಪರೇಷನ್ ದಿನ ನಿಗದಿಯಾಗಿದ್ದು, ಇಂಥ ಸಂದೇಶ ಓದಿ ಹಿಂಜರಿಯುತ್ತಿದ್ದರೆ, ಅನುಮಾನವನ್ನು ಅರಿವಳಿಕೆ ತಜ್ಞರ ಮುಂದೆಯೇ ಇಡಲು ಹೇಳಿ. ಪ್ರಶ್ನೆ ಎಷ್ಟಾದರೂ ಕೇಳಲಿ. ದಿನವನ್ನು ಮಾತ್ರ ತಪ್ಪಿಸದಿರಲಿ.